ಎರಡಿಂಚು ಹೆಚ್ಚಿಗೆ

ಮಾರ್ಚ್ 4. ಬೆಳಿಗ್ಗೆ 7

ಮತ್ತೆ ಹಾಲು ಉಕ್ಕಿಸಿದೆ. ಹೆಂಡತಿ ಇದ್ದಿದ್ದರೆ... ಇರಲಿ. ಅವಳು ತೀರಿಹೋದ ಮೂರು ವರ್ಷದಿಂದ ಒಲೆ ಒರೆಸುವುದು ನನ್ನ ಡ್ಯೂಟಿ. ಮಗಳು, ನನ್ನ ಗುಂಡುಸೂಜಿ, ತಿಂಡಿ ಬಿಟ್ಟು ಲ್ಯಾಬಿಗೆ ಓಡಿದಳು. ಎಳೆ ಸುಡುವ ಫರ್ನೇಸ್ ತಣ್ಣಗಾಗಿದೆಯಂತೆ.

ಪ್ಲಾಸ್ಟಿಕ್ಕಿನ ಟೊಳ್ಳು ಎಳೆಗಳನ್ನು ಗಾಳಿ ಸೋಕದಂತೆ ಸುಡುತ್ತಾಳೆ. ಪೈರಾಲಿಸಿಸ್. ಪೈರ್ ಎಂದರೆ ಚಿತೆ — ಕಾಲೇಜಿನ ಇಂಗ್ಲಿಷ್ ಅಷ್ಟಾದರೂ ಉಳಿದಿದೆ. ಆದರೆ ಬೂದಿಯಾಗುವುದಿಲ್ಲ, ಕಪ್ಪು ಇಂಗಾಲದ ಎಳೆಯಾಗಿ ಹೊರಬರುತ್ತದೆ. ಕಣ್ಣಿಗೆ ಕಾಣದ ತೂತು ಮೈಯೆಲ್ಲ. ಒಂದು ಅನಿಲ ನುಸುಳುತ್ತದೆ, ಇನ್ನೊಂದು ಹೊರಗೇ ನಿಲ್ಲುತ್ತದೆ. ಗಾಳಿಗೆ ಜರಡಿ! ನಲವತ್ತು ವರ್ಷ ಬಟ್ಟೆ ಹೊಲಿದೆ, ಇಂಥದ್ದು ಕಂಡಿರಲಿಲ್ಲ.

ಸಂಜೆ

ಮಗಳ ಮುಖ ಸಣ್ಣಗಾಗಿತ್ತು. ಅರವತ್ತರಲ್ಲಿ ಇಪ್ಪತ್ತು ಎಳೆ ಮುರಿಯದೆ ಉಳಿದಿವೆ. ಬುಧವಾರ ಅವುಗಳ ಪರೀಕ್ಷೆ. ಅನಿಲ ಸೋರಿದರೆ ಅವಳ ಎರಡು ವರ್ಷದ ಕೆಲಸಕ್ಕೆ ಬೀಗ.

"ಬಿಲ್ಲೆಗೆ ಎಳೆ ತೂರಿಸೋಕೆ ಹೋದ್ರೆ ನನ್ನ ಕೈಲಿ ಮುರೀತವೆ ಅಪ್ಪ. ನಾಳೆ ಬರ್ತೀಯಾ?"

"ನನ್ನ ಕನ್ನಡಕದ ದಪ್ಪ ನೋಡಿದ್ದೀಯೇನೇ?"

"ಕನ್ನಡಕ ಯಾರು ಕೇಳಿದ್ರು? ಬೆರಳು ತಗೊಂಡು ಬಾ."

ಮಾರ್ಚ್ 5

ರಜೆ. ಲ್ಯಾಬ್ ಖಾಲಿ. ಅವಳ ಬಿಳಿ ಕೋಟಿನ ತೋಳು ಒಂದಿಂಚು ಉದ್ದ — ಹೊಲಿದವನಿಗೆ ನಾಚಿಕೆಯಿಲ್ಲ.

ಇಪ್ಪತ್ತು ತೂತಿನ ಬಿಲ್ಲೆ. ಒಂದೊಂದು ಎಳೆಯನ್ನೂ ದಾಟಿಸಿ ಎರಡಿಂಚು ಹೆಚ್ಚಿಗೆ ಎಳೆಯಬೇಕಂತೆ.

"ಅಷ್ಟೊಂದು ಯಾಕೆ ದಂಡ?" ಎಂದೆ.

"ಎಳಿ ಅಪ್ಪ."

ಹದಿನೆಂಟು ಎಳೆ ಮುರಿಯದೆ ದಾಟಿದವು. ಹತ್ತೊಂಬತ್ತನೆಯದು ಹಟ ಹಿಡಿಯಿತು. ದಾರದ ತುದಿ ನೆಕ್ಕುವ ಹಾಗೆ... ನೆಕ್ಕಿಬಿಟ್ಟೆ. ಇಪ್ಪತ್ತನೆಯದನ್ನೂ. ಅವಳು ಆಚೆ ತಿರುಗಿ ಅಂಟು ಕಲಸುತ್ತಿದ್ದಳು. ಅದನ್ನು ಎಳೆಗಳ ಸುತ್ತ ಸುರಿದಾದ ಮೇಲೆ ಅಂದಳು: "ಒಂಚೂರು ತೇವ ಇದ್ರೂ ಅಂಟು ಕಚ್ಚಲ್ಲ. ಸೋರುತ್ತೆ."

ನಾನು ಬಾಯಿ ಬಿಡಲಿಲ್ಲ. ಬಿಡಬಾರದಾಗ ಬಿಟ್ಟಾಗಿತ್ತಲ್ಲ.

ಮಾರ್ಚ್ 7

ನಿನ್ನೆ ಬರೆಯಲಾಗಲಿಲ್ಲ. ಊಟವೂ ಸೇರಲಿಲ್ಲ. ಇವಳ ಅಮ್ಮ ನನ್ನನ್ನು ಎಂಜಲು ದರ್ಜಿ ಎನ್ನುತ್ತಿದ್ದಳು... ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿಬಿಟ್ಟೆ. ಕನ್ಫೆಷನ್.

"ಎರಡು ಎಳೆ ನೆಕ್ಕಿದೆ ಕಣೇ."

ಲೋಟ ಕೆಳಗಿಟ್ಟಳು. ನಗಲಿಲ್ಲ. "ತುದೀನಾ?"

"ತುದಿ. ಅಕ್ಕಿಕಾಳಷ್ಟು."

"ಅಂಟು ಗಟ್ಟಿಯಾದ್ಮೇಲೆ ತುದಿ ಕತ್ತರಿಸಲೇಬೇಕು, ಆಗಲೇ ಎಳೆಗಳ ಬಾಯಿ ತೆರೆಯೋದು. ಎಲ್ರೂ ಅರ್ಧ ಇಂಚು ಬಿಡ್ತಾರೆ. ನೀನು ಬರ್ತೀಯ ಅಂತ ಎರಡಿಂಚು ಬಿಡಿಸಿದೆ. ನೆಕ್ಕಿದ ತುದಿ ಅಂಟಿಗೆ ಸಿಕ್ಕೇ ಇಲ್ಲ."

"ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ನಿನ್ನ ನೋಡ್ತಿಲ್ವಾ?"

ಅವಳು ಬೆಳೆಯುತ್ತಾಳೆಂದು ಫ್ರಾಕಿನ ಅಂಚಿನಲ್ಲಿ ನಾನೂ ಎರಡಿಂಚು ಮಡಚಿಡುತ್ತಿದ್ದೆ.

ಮಾರ್ಚ್ 8. ಲ್ಯಾಬಿನ ಮೂಲೆಯಲ್ಲಿ ಕೂತು

10.30 — ಅನಿಲ ಬಿಟ್ಟರು. ಎರಡು ಗಂಟೆ ಒತ್ತಡ ಇಳಿಯಬಾರದು.

11.40 — ಮುಳ್ಳು ಅಲ್ಲಾಡಿಲ್ಲ.

12.30 — ಅಲ್ಲಾಡಿಲ್ಲ. ಎರಡೂ ಅನಿಲ ಬೇರೆಬೇರೆಯಾಗಿ ಬರುತ್ತಿವೆ. ಅವಳ ಮೇಲಧಿಕಾರಿ ಎದ್ದು ನಿಂತರು. ಗುಂಡುಸೂಜಿ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಆ ಉದ್ದವೂ ಉಪಯೋಗಕ್ಕೆ ಬಂತು. ಸಂಜೆ ಬಿಚ್ಚಿ ಸರಿಮಾಡಬೇಕು. ಕತ್ತರಿಸುವುದು ಬೇಡ, ಒಳಕ್ಕೆ ಮಡಚಿ —