ಗೋಧಿ ಬಣ್ಣದ ಸುಳ್ಳು

ತುಮಕೂರು
ಫೆಬ್ರವರಿ ೩೦, ೨೧೪೧

ನನ್ನ ಮುತ್ತಜ್ಜಿಯ ಕಾಲದ ತಾಯಂದಿರಿಗೆ,

ತಾರೀಖು ತಪ್ಪಲ್ಲ, ನಮ್ಮಲ್ಲೀಗ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಇಂಗ್ಲಿಷಿನಲ್ಲೇ ಓದಿದವಳು. ಕನ್ನಡ ಬರೆಯುವಾಗ ಇವತ್ತಿಗೂ ತಡವರಿಸುತ್ತೇನೆ.

ಕಳೆದ ವಾರ ನನ್ನ ಮಗಳು ಮಾದೇವಿ ಖೋ-ಖೋ ಆಡುತ್ತಾ ಕಂಬಕ್ಕೆ ಬಡಿದು ಕೆನ್ನೆ ಸೀಳಿಕೊಂಡಳು. ಅವಳಿಗೆ ಹದಿಮೂರು ವರ್ಷ. ನಿಮ್ಮ ಕಾಲದಲ್ಲಾಗಿದ್ದರೆ ಹೊಲಿಗೆ ಹಾಕುತ್ತಿದ್ದರು. ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ಮಾಡುವುದು ಬೆಳಕುಬೆಸುಗೆ: ಗಾಯದ ಎರಡು ಅಂಚನ್ನು ಜೋಡಿಸಿ, ಮೊಟ್ಟೆಯ ಬಿಳಿಯಂಥ ಲೋಳೆ ಸವರಿ, ಮೇಲೆ ಲೇಸರ್ ಕಿರಣ ಹಾಯಿಸುತ್ತಾರೆ. ಲೋಳೆ ಹದವಾಗಿ ಬೆಂದು ಚರ್ಮವನ್ನು ಹಿಡಿದುಕೊಳ್ಳುತ್ತದೆ. ವಾರದಲ್ಲಿ ಗೆರೆಯೂ ಕಾಣುವುದಿಲ್ಲ. ಜನ ಹೊರಗಿನ ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತಾ ಸರದಿಗೆ ಕಾಯುತ್ತಾರೆ, ಅಷ್ಟು ಮಾಮೂಲು.

ಒಂದೇ ಎಚ್ಚರ ಬೇಕು. ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರುತ್ತದೆ, ಅದಕ್ಕೆ ಕಿರಣ ಮೆತ್ತಗಿರಬೇಕು. ಹೆಚ್ಚಾದರೆ ಸುಟ್ಟು ಕಲೆ ಉಳಿದುಬಿಡುತ್ತದೆ. ಕೆನ್ನೆ ತುಂಬ ರಕ್ತ, ಔಷಧಿ ಮೆತ್ತಿದ್ದರಿಂದ ಕಿರಣದ ಯಂತ್ರಕ್ಕೆ ಚರ್ಮದ ಬಣ್ಣ ತಿಳಿಯದೆ ಪರದೆಯ ಮೇಲೆ ನನ್ನನ್ನೇ ಕೇಳಿತು. ನಾನು 'ವೀಟಿಶ್' ಎಂದು ತುಂಬಿದೆ.

ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ. ನನ್ನ ಮದುವೆಯ ಬಯೋಡೇಟಾದಲ್ಲಿ ಅಮ್ಮ ಅದನ್ನೇ ಬರೆಸಿದ್ದರು. ಅವರಮ್ಮ ಅವರಿಗೆ ಅದನ್ನೇ ಕನ್ನಡದಲ್ಲಿ 'ಗೋಧಿ ಬಣ್ಣ' ಎಂದು ಬರೆಸಿದ್ದರಂತೆ. ನಮ್ಮ ಮನೆಯಲ್ಲಿ ಗೋಧಿ ಬಣ್ಣದವರು ಒಬ್ಬರೂ ಹುಟ್ಟಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದರಿಂದ ಸುಳ್ಳು ಇನ್ನಷ್ಟು ಹಗುರವಾಯಿತೇ? ಇರಬಹುದು.

ಕಿರಣ ಹಾಯಿಸಬೇಕಿದ್ದ ನರ್ಸ್ ಹೊಂಬಾಳಮ್ಮ ಪರದೆ ನೋಡಿದರು, ಮಗಳ ಕೈ ನೋಡಿದರು. "ಇದು ಗೋಧಿ ಆದ್ರೆ ರಾಗಿ ಯಾವ್ದಮ್ಮ? ನಾವಿಲ್ಲಿ ಗಂಡು ನೋಡ್ತಿಲ್ಲ ಕಣಮ್ಮ, ಗಾಯ ಮುಚ್ತಿದೀವಿ" ಅಂದರು. ಮಾದೇವಿ ಕೆನ್ನೆ ಅಲುಗಿಸದೆ ಕಣ್ಣಲ್ಲೇ ನಕ್ಕಳು. ಕೈ ಚಾಚಿ ನನ್ನ ಪದ ಅಳಿಸಿ 'ಕಪ್ಪು' ಎಂದು ಬರೆದಳು. ಕಿರಣ ಮೆತ್ತಗಾಯಿತು. ನಾಲ್ಕು ನಿಮಿಷದಲ್ಲಿ ಗಾಯ ಕೂಡಿಕೊಂಡಿತು.

ಇವತ್ತು ಅವಳು ಮತ್ತೆ ಮೈದಾನದಲ್ಲಿದ್ದಾಳೆ. ಕೆನ್ನೆ ನುಣುಪಾಗಿದೆ, ನನಗೂ ಸಮಾಧಾನವಿದೆ. ಆದರೂ ಒಂದು ಬೇಡಿಕೆ. ಆ ಪದ ನಿಮ್ಮಿಂದಲೇ ಒಬ್ಬರಿಂದೊಬ್ಬರಿಗೆ ದಾಟುತ್ತಾ ನನ್ನವರೆಗೆ ಬಂದಿದೆ. ನಿಮ್ಮ ಮಗಳ ಬಣ್ಣ ಯಾರಾದರೂ ಕೇಳಿದರೆ, ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುವಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಿಮ್ಮವಳೇ,
ವನಜಾಕ್ಷಿ