ಅಕ್ಕ ಮುಚ್ಚದ ಸ್ಟಾರ್ ಗುರುತು

ನನ್ನ ಜಗಳಗಂಟಿ ಅಕ್ಕನಿಗೆ,

ನಿನ್ನ ವಾರ್ಡಿನ ಬಾಗಿಲಾಚೆ, ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಂದರೆ ನಿನ್ನ ಮುಖ ನೋಡಿ ಅತ್ತುಬಿಡುತ್ತೇನೆ, ಅದಕ್ಕೇ.

ಕಾಯಿಲೆ ನಿನ್ನ ನಾಲಿಗೆಯನ್ನು ಕಟ್ಟಿಹಾಕಿ ಒಂದೇ ಒಂದು ಬೆರಳನ್ನು ಬಿಟ್ಟುಕೊಟ್ಟಾಗ ನಾನು ಎಷ್ಟು ಜಂಬದಿಂದ ಹೇಳಿದ್ದೆ, "ನೀನು ಟೈಪ್ ಮಾಡು, ಯಂತ್ರ ಮಾತಾಡುತ್ತೆ" ಎಂದು. ಬರೀ ಮಾತಾಡಿದರೆ ನಿನಗೆಲ್ಲಿ ಸಾಕು? ಬಯ್ಯುವುದು ಬಯ್ಯುವ ಹಾಗೇ ಕೇಳಿಸಬೇಕು! ಅದಕ್ಕೇ ಇಬ್ಬರೂ ಸೇರಿ ಗುರುತುಗಳನ್ನು ಮಾಡಿಕೊಂಡೆವು: ಎರಡು ಸ್ಟಾರ್‌ಗಳ ನಡುವಿನದು ಗಟ್ಟಿಯಾಗಿ, ಎರಡು ಅಡಿಗೆರೆಗಳ ನಡುವಿನದು ಮೆತ್ತಗೆ. ಯಾವುದು ಮಾತು, ಯಾವುದು ಗುರುತು ಎಂದು ಬಿಡಿಸಿ ಯಂತ್ರಕ್ಕೆ ಕೊಡುವ ಲೆಕ್ಸರ್ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ನಾನೇ ಬರೆದೆ. ಯಂತ್ರ ನರ್ಸಮ್ಮನಿಗೆ "ಸೂಜಿ ಚುಚ್ಚೋದು ಎಲ್ಲಿ ಕಲಿತ್ರಮ್ಮಾ!" ಎಂದು ಅರಚಿದಾಗ ಇಡೀ ವಾರ್ಡೇ ನಕ್ಕಿತ್ತು. ಮೊದಲು ನಕ್ಕವರು ನರ್ಸಮ್ಮನೇ.

ನಿನ್ನೆ ಡಾಕ್ಟರು ಕೇಳಿದರು: "ಗಂಟಲಿಗೆ ತೂತು ಮಾಡಿ ಉಸಿರಾಟದ ಮೆಷಿನ್ ಹಾಕಬೇಕಾಗುತ್ತೆ. ಹಾಕಲಾ, ಬೇಡ್ವಾ? ಕಣ್ಣು ಮಿಟುಕಿಸಿದ್ರೆ ಸಾಲದು, ನೀವೇ ಸ್ಪಷ್ಟವಾಗಿ ಹೇಳ್ಬೇಕು." ನೀನು ಸ್ಟಾರ್ ಒತ್ತಿದೆ. ಬೆವರುತ್ತಾ ಒಂದೊಂದೇ ಅಕ್ಷರ ಒತ್ತಿದೆ. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಮುಚ್ಚುವ ಸ್ಟಾರ್ ಒತ್ತುವಷ್ಟು ಕಸುವು ಬೆರಳಲ್ಲಿ ಉಳಿದಿರಲಿಲ್ಲ. ಅದು ಬರಲಿ ಎಂದು ಕಾಯುತ್ತಾ ನನ್ನ ದರಿದ್ರ ಲೆಕ್ಸರ್ ನಿನ್ನ ಮಾತನ್ನೆಲ್ಲ ನುಂಗಿ ಕೂತಿತು. ಪರದೆಗೂ ಒಂದಕ್ಷರ ಬಿಟ್ಟುಕೊಡಲಿಲ್ಲ. "ನಾಳೆ ನೋಡೋಣ" ಎಂದು ಡಾಕ್ಟರು ಹೋದರು. ನಿನ್ನ ಕಣ್ಣೀರನ್ನು ನರ್ಸಮ್ಮ ಒರೆಸಿದರು. ನನಗೆ ಹತ್ತಿರ ಬರುವ ಧೈರ್ಯವಾಗಲಿಲ್ಲ.

ತಪ್ಪನ್ನು ತಿದ್ದಿದ್ದೇನೆ. ಇನ್ನು ನಿನ್ನ ಬೆರಳು ಸ್ವಲ್ಪ ಹೊತ್ತು ನಿಂತರೆ ಸಾಕು, ಗುರುತು ಮುಚ್ಚದಿದ್ದರೂ ಮಾತು ಹೊರಬೀಳುತ್ತದೆ. ಆದರೆ ಅದನ್ನು ನಿನ್ನ ಯಂತ್ರಕ್ಕೆ ಹಾಕಲು ಕೈ ಬರುತ್ತಿಲ್ಲ, ಅಕ್ಕಾ. ದನಿ ಇದ್ದಾಗಲೇ ಹೇಳಿದ್ದೆಯಲ್ಲ, "ಮೆಷಿನ್ನಿಗೆ ಕಟ್ಟಿಸ್ಕೊಂಡು ನಾನಿರಲ್ಲ ಕಣೋ" ಎಂದು. ಯಂತ್ರ ಮೂಕವಾಗಿಯೇ ಇದ್ದರೆ ಡಾಕ್ಟರು ನನ್ನನ್ನು ಕೇಳುತ್ತಾರೆ. ನಾನು "ಹಾಕಿ" ಅಂದುಬಿಡಬಹುದು. ನೀನು ಉಳಿಯುತ್ತೀ. ಆಮೇಲೆ ದಿನಾ ನನ್ನನ್ನು ಆ ಕಣ್ಣುಗಳಿಂದ ನೋಡುತ್ತೀ. ಅಯ್ಯೋ, ಏನು ಮಾಡಲಿ ಹೇಳು?

ಡಾಕ್ಟರು ಬರುತ್ತಿದ್ದಾರೆ. ತಿದ್ದಿದ ಲೆಕ್ಸರನ್ನು ಇಲ್ಲಿಂದಲೇ, ಫೋನಿನಿಂದ ನಿನ್ನ ಯಂತ್ರಕ್ಕೆ ಹಾಕಿದೆ, ಈಗ ತಾನೇ ಹಾಕಿದೆ. ನಿನ್ನ ಮಾತು ನಿನ್ನದೇ, ಯಾರೂ ಅದಕ್ಕೆ ಅಡ್ಡ ಬಾರದಿರಲಿ, ನಾನೂ ಬಾರದಿರಲಿ.

ಬೇಡ ಅನ್ನಬೇಡ ಕಣೇ.

ನಿನ್ನ ತಮ್ಮ