ಪಟ್ಟಿಯ ನಾಲ್ಕನೇ ಸಾಲು

ನವೆಂಬರ್ 11, 2024. ಬೆಳಿಗ್ಗೆ 7

ಇವರ ಕಣ್ಣಿಗೆ ಹನಿ ಹಾಕಿದೆ. ಬಲಗಣ್ಣಿಗೆ ಒಂದು, ಎಡಕ್ಕೆ ಒಂದು, ಕೆನ್ನೆಗೂ ಒಂದು. ತಪ್ಪು ನನ್ನದಲ್ಲ, ಇವರು ಕತ್ತು ಅಲ್ಲಾಡಿಸುತ್ತಾರೆ. ನಿನ್ನೆ ಡಾಕ್ಟರ್ ಸುತ್ತುಬಳಸದೆ ಹೇಳಿದರು. ಗ್ಲಾಕೋಮಾ. ಪಕ್ಕದ ನೋಟ ಹೋಗಿಯಾಯಿತು. ನಡುವೆ ಉಳಿದದ್ದು ಹೆಚ್ಚೆಂದರೆ ಒಂದು ವರ್ಷ.

ಆಸ್ಪತ್ರೆಯಿಂದ ಬರುವಾಗ ಆಟೋ ತಾರ್ನಾಕ ಸಿಗ್ನಲ್ಲಿನಲ್ಲಿ ನಿಂತಾಗ ಇವರು ಅಂದದ್ದು ಒಂದೇ ಮಾತು. "ಅಂಡಮಾನದಾಗ ಹವಳ ನೋಡೋದೊಂದು ಉಳೀತು ನೋಡು, ಸುಭದ್ರಾ."

ಉಳಿದದ್ದು ನನ್ನಿಂದ. ಇಬ್ಬರಿಗೂ ಗೊತ್ತು. ಮನೆಗೆ ಬಂದು ಉಪ್ಪಿಟ್ಟು ಮಾಡಿದೆ.

ನವೆಂಬರ್ 12

ನಿದ್ದೆಯಿಲ್ಲ. ಹಳೆಯದೇ ನೆನಪು. 2008, ಫೆಬ್ರವರಿ. ಇವರ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ, ಫ್ಯಾಕ್ಟರಿಯೇ ಖರ್ಚು ಕೊಡುವ ಎಲ್‌ಟಿಸಿ ಪ್ರವಾಸ ಅಂದರೆ ಅಂಡಮಾನ್. ಮೊದಲು ಹೋದವರು ಲಾಂಗ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದರು, ಏನು ನೋಡಬೇಕು, ಏನು ಮಾಡಬೇಕು ಅಂತ. ಹೋಗಿ ಬಂದವರು ತಮ್ಮದೊಂದು ಸಾಲು ಸೇರಿಸಿ, ರಜೆ ಸಿಕ್ಕ ಮುಂದಿನ ಮನೆಗೆ ದಾಟಿಸಬೇಕು. ಜೈಲಿನ ಲೈಟ್ ಶೋ ಬಿಡಬೇಡಿ. ರಾಸ್ ದ್ವೀಪದ ಜಿಂಕೆಗಳು ಬಿಸ್ಕಿಟ್ ಕಸಿಯುತ್ತವೆ, ಹುಷಾರ್. ಹಡಗು ಹತ್ತುವ ಮುಂಚೆ ವಾಂತಿ ಗುಳಿಗೆ. ನಾಲ್ಕನೆಯದು — ನೀರೊಳಗೆ ಮುಖವಿಟ್ಟು ಹವಳ ನೋಡುವುದು.

ಮೂರೂ ಆದವು. ನಾಲ್ಕನೆಯದಕ್ಕೆ ಮೊಣಕಾಲುದ್ದ ನೀರಿನಲ್ಲೇ ಕಿರುಚಿದೆ. ಓಡಿ ಬಂದು ಮರಳಲ್ಲಿ ಕೂತೆ. ಹೋಗ್ರೀ ನೀವು ಅಂದರೆ ಇವರು, "ನೀ ಇಲ್ಲದ ನಾ ಒಬ್ನ ಏನ್ ನೋಡ್ಲಿ?" ಎಳನೀರು ಕುಡಿದು ಬಂದೆವು. ಆಗ ಎಷ್ಟು ಖುಷಿಪಟ್ಟಿದ್ದೆ! ಈಗ ಸಂಕಟ.

ನವೆಂಬರ್ 17, ಸಂಜೆ

ಅಂಡಮಾನಿಗೆ ಟಿಕೆಟ್ ಆಯಿತು. ಜನವರಿ.

ಸುದ್ದಿ ಕೇಳಿ ಗೊಲ್ಲಾಳಪ್ಪನವರು ಬಂದರು. ಇವರ ಜೊತೆ ಒಂದೇ ಸೆಕ್ಷನ್ನಿನಲ್ಲಿದ್ದವರು. "ಪಟ್ಟಿ ನನ್ನ ಹತ್ರನ ನಿಂತ್ಬಿಟ್ಟಿತ್ರಿ ವೈನಿ. ಮುಂದ ಯಾರೂ ಕೇಳ್ಲಿಲ್ಲ," ಅಂತ ಪ್ಲಾಸ್ಟಿಕ್ ಕವರಿನಿಂದ ತೆಗೆದರು. ಅದೇ ಹಾಳೆ. ಮಡಿಕೆಯಲ್ಲಿ ಹರಿದಿದೆ.

ನಾಲ್ಕನೇ ಸಾಲಿನ ಕೆಳಗೆ ಇವರ ಅಕ್ಷರ — "ಇಬ್ಬರೂ ನೋಡಿದೆವು. ಸುಭದ್ರಾ ಮೊದಲು ಇಳಿದಳು."

"ಅದನ್ನ ಓದಿನ ನಮ್ಮಾಕಿ ಧೈರ್ಯ ಮಾಡಿದ್ಲರಿ. ಸುಭದ್ರಾ ವೈನಿ ಇಳದಾರಂದ್ರ ನನಗೇನ್ ಧಾಡಿ ಅಂದ್ಲು!"

ಹೌದ್ರೀ ಅಂದೆ. ಮತ್ತೇನು ಅನ್ನಲಿ. ಅವರು ಹೋದ ಮೇಲೆ ಇವರನ್ನು ಹಿಡಿದೆ. "ಕ್ವಾರ್ಟರ್ಸಿನ್ಯಾಗ ಯಾರೂ ನಿನಗ ನಗಬಾರ್ದಂತ ಬರದೆ," ಅಂದರು, ಪೇಪರಿನಿಂದ ತಲೆಯೆತ್ತದೆ. ಪೇಪರ್ ಓದಲು ಆಗುತ್ತಿಲ್ಲ, ಸುಮ್ಮನೆ ಹಿಡಿದಿರುತ್ತಾರೆ.

ಅಡುಗೆಮನೆಗೆ ಹೋಗಿ ಅತ್ತೆ. ಚೆನ್ನಾಗಿ ಅತ್ತೆ.

ನವೆಂಬರ್ 24, ಭಾನುವಾರ

ಇವರಿಗೆ ನೀರು, ಮಾಸ್ಕ್ ಎರಡೂ ಬೇಡವೆಂದರು ಡಾಕ್ಟರ್. ಅಂದರೆ ನಾನೇ ಇಳಿಯಬೇಕು. ನೋಡಿ ಬಂದು ಇವರಿಗೆ ಹೇಳಬೇಕು. ಅರವತ್ತೆರಡಕ್ಕೆ ಇದೆಲ್ಲ ಬೇಕಿತ್ತೆ?

ಮಗಳು ಲಹರಿ ಊರಿನ ಆ ತುದಿಯ ಮಾದಾಪುರದಿಂದ ಮಾಸ್ಕು, ಉಸಿರಿನ ಪೈಪು ತಂದಳು. ಬಚ್ಚಲಲ್ಲಿ ಬಕೀಟು ತುಂಬಿಸಿ, ಪೈಪು ಕಚ್ಚಿ ಮುಖ ಇಟ್ಟೆ. ಮೂರೇ ಸೆಕೆಂಡು. ಕೆಮ್ಮಿ ಕೆಮ್ಮಿ ಸಾಕಾಯಿತು.

"ಅಮ್ಮಾ, ಬಕೀಟಿನ್ಯಾಗ ಮೀನ ಕಂಡ್ವೇನು?"

ಹಲ್ಲು ಕಿಸಿಯುತ್ತಾಳೆ. ಇವರು ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತು ಎಣಿಸಿದರು.

ಡಿಸೆಂಬರ್ 3

ಇಪ್ಪತ್ತೊಂದು ಸೆಕೆಂಡು.

ಡಿಸೆಂಬರ್ 29

ಬಕೀಟಿನಲ್ಲಿ ಎರಡು ನಿಮಿಷ! ಎಣಿಸುವವರೇ ಸುಸ್ತು.

ಇವರಿಗೆ ಇವತ್ತು ಬಾಗಿಲ ಚೌಕಟ್ಟು ಬಡಿಯಿತು. ಹಣೆ ಊದಿದೆ. ಏನಾಗಿಲ್ಲ ಅಂದರು. ಟೀ ಕಪ್ಪಿಗೆ ಕೈ ಚಾಚಿ ಗಾಳಿ ಹಿಡಿದರು. ಕಾಣದವಳಂತೆ ಕಪ್ಪನ್ನು ಅವರ ಕೈಯತ್ತ ಸರಿಸಿದೆ.

ಜನವರಿ 22, 2025. ಹ್ಯಾವ್‌ಲಾಕ್ ದ್ವೀಪ, ಮಧ್ಯಾಹ್ನ 3

ಇಳಿದೆ.

ಗೈಡ್ ರಬ್ಬರ್ ರಿಂಗ್ ಹಿಡಿದಿದ್ದ. ನಾನು ಅವನ ಕೈಯನ್ನೇ ಹಿಡಿದಿದ್ದೆ, ಉಗುರಿನ ಗುರುತು ಮೂಡುವಷ್ಟು. ದಡದಿಂದ ಇವರ ದನಿ — ಒಂದು, ಎರಡು, ಮೂರು… ಬಕೀಟಿನ ಅಭ್ಯಾಸ. ಮುಖ ಇಟ್ಟೆ.

ಹೂಕೋಸಿನಂಥ ಗಡ್ಡೆಗಳು. ಕವಲು ಕವಲಾದವು, ತುದಿ ಮಾತ್ರ ನೀಲಿ. ಹಳದಿ ಪಟ್ಟೆಯ ಮೀನೊಂದು ಮಾಸ್ಕಿನ ಎದುರೇ ನಿಂತು ನನ್ನನ್ನು ನೋಡಿತು. ಹೆದರಿಕೆ ಎಲ್ಲಿ ಹೋಯಿತೋ. ಆದರೆ ಅರ್ಧಕ್ಕರ್ಧ ಹವಳ ಬೂದಿ ಬಣ್ಣ, ಸತ್ತದ್ದು. ಮೊದಲು ಎಲ್ಲ ಬಣ್ಣಬಣ್ಣ ಇತ್ತಂತೆ, ನೀರು ಬಿಸಿಯಾಗಿ ಹೋಯಿತಂತೆ. ಗೈಡ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಆಗ ಬಂದಾಗಲೇ ಇಳಿದಿದ್ದರೆ…

ದಡದಲ್ಲಿ ಇವರು ಟವೆಲ್ ಹಿಡಿದು ನಿಂತಿದ್ದರು, ನಾನಿಲ್ಲದ ಕಡೆಗೆ ಚಾಚಿ.

"ಹೆಂಗಿತ್ತು? ಕೆಂಪು ಇತ್ತೇನು?"

"ಇತ್ರೀ. ಎಲ್ಲಿ ನೋಡಿದ್ರೂ ಕೆಂಪ."

ಇಷ್ಟು ವರ್ಷ ನನಗಾಗಿ ಅವರೊಂದು ಸುಳ್ಳು ಕಾಪಾಡಿದರು. ಈಗ ನನ್ನ ಪಾಳಿ.

ರೂಮಿಗೆ ಬಂದು ಪಟ್ಟಿ ಬಿಚ್ಚಿ ಅವರ ಸಾಲಿನ ಕೆಳಗೆ ಬರೆದೆ — "ಇಬ್ಬರೂ ನೋಡಿದೆವು." ತಾರೀಖು ಹಾಕಿದೆ.

ವರಾಂಡದಿಂದ ಕೂಗುತ್ತಿದ್ದಾರೆ. ಮೂರನೇ ಸಲ. ಎಂಥ ಕೆಂಪು, ಸರಿಯಾಗಿ ಹೇಳು ಅಂತ. ನನ್ನ ಮದುವೆಯ ಇಳಕಲ್ ಸೀರೆ, ಅದರ ಸೆರಗಿನ ಕೆಂಪು ಅಂತ ಹೇಳುತ್ತೇನೆ, ಅದಾದರೆ ಇವರಿಗೆ ಕಣ್ಣು ಮುಚ್ಚಿದರೂ —